ಎರಡು ಗೇಣಿನ ಪ್ರಜೆಗಳು

ಪೋಲೆಂಡಿನ ವ್ರೊಟ್ಸ್ವಾಫ್ ನಗರಕ್ಕೆ ಹೋಗಿಬಂದವರ ಫೋಟೊಗಳನ್ನು ನೋಡಿ. ಅರ್ಧಕ್ಕರ್ಧ ಚಿತ್ರಗಳಲ್ಲಿ ಜನ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಊರ ನಡುವಿನ ರಿನೆಕ್ ಎಂಬ ದೊಡ್ಡ ಚೌಕದಲ್ಲಿ ಗಾಥಿಕ್ ಶೈಲಿಯ ಹಳೆಯ ಟೌನ್ ಹಾಲ್ ಇದೆ. ಹದಿಮೂರನೆಯ ಶತಮಾನದ ಕೊನೆಗೆ ಶುರುವಾಗಿ, ಆಮೇಲಿನ ತಲೆಮಾರುಗಳು ಒಂದೊಂದಾಗಿ ಕೈಯಿಟ್ಟು ಬೆಳೆಸಿದ ಕಟ್ಟಡ ಅದು. ಆದರೆ ಬಂದವರು ಅದಕ್ಕೆ ಬೆನ್ನು ಹಾಕಿ ಕೂತು ನೋಡುವುದು ಗೇಣಿನ ಮೇಲೆ ಒಂದಿಷ್ಟೇ ಎತ್ತರವಿರುವ ಕಂಚಿನ ಕುಳ್ಳರನ್ನು. ಚೂಪು ಟೋಪಿ, ಗಡ್ಡ, ದಪ್ಪ ಮೂಗು. ಇಲ್ಲಿಯವರು ಕ್ರಾಸ್ನಲ್ ಅನ್ನುತ್ತಾರೆ. ಬೇರೆ ಕಡೆ ಗ್ನೋಮ್ ಅಂದರೂ ನಡೆಯುತ್ತದೆ, ಆ ಬಳಗಕ್ಕೇ ಸೇರಿದವರು.

ಒಬ್ಬ ಪಾರಿವಾಳದ ಮೇಲೆ ಸವಾರಿ ಹೊರಟಿದ್ದಾನೆ. ಇನ್ನೊಬ್ಬ ಬ್ಯಾಂಕಿನ ಗೋಡೆಯಲ್ಲಿ ತನ್ನ ಅಳತೆಯ ಎಟಿಎಂ ಮುಂದೆ ನಿಂತಿದ್ದಾನೆ. ಹಿಂದೆ ಸೆರೆಮನೆಯಿದ್ದ ಬೀದಿಯಲ್ಲಿ ಒಬ್ಬ ಕೈದಿ, ಓದ್ರಾ ನದಿಯ ದಂಡೆಯಲ್ಲಿ ಒಬ್ಬ ಅಗಸ. ಹಾಡುಹಗಲೇ ಗೊರಕೆ ಹೊಡೆಯುತ್ತಿರುವವನೂ ಇದ್ದಾನೆ. ಯಾಕೋ ನನಗೆ ಊರಿನಲ್ಲೆಲ್ಲ ಅವನೊಬ್ಬನೇ ಸಮಾಧಾನದಲ್ಲಿರುವಂತೆ ಕಂಡ.

ನನ್ನ ಅಣ್ಣನ ಮಗಳು ಈ ಊರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ಮಗ ಎರಡನೇ ಕ್ಲಾಸು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಪೋಲಿಷ್. ಊರು ತೋರಿಸುವ ಜವಾಬ್ದಾರಿಯನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಇಬ್ಬರು ಕುಳ್ಳರು ಒಂದು ಕಲ್ಲುಗುಂಡನ್ನು ಆಚೆಯಿಂದ ಒಬ್ಬ, ಈಚೆಯಿಂದ ಒಬ್ಬ ತಳ್ಳುತ್ತಿದ್ದಾರೆ. ಗ್ರೀಕ್ ಪುರಾಣದ ಸಿಸಿಫಸ್‌ನ ಹೆಸರೇ ಇವರಿಬ್ಬರಿಗೂ. ಆ ಪುರಾಣದಲ್ಲಿ ಬೆಟ್ಟವೇ ಶಿಕ್ಷೆ. ಇಲ್ಲಿ ಒಬ್ಬನಿಗೆ ಇನ್ನೊಬ್ಬ.

“ಅಜ್ಜ, ಇಬ್ರೂ ಒಂದೇ ಕಡೆಯಿಂದ ತಳ್ಳಿದ್ರೆ ಆಗ್ಹೋಗ್ತಿತ್ತಲ್ಲ?” ಎಂದ ಹುಡುಗ.

“ಆಮೇಲೆ ಅವರಿಗೆ ಕೆಲಸ ಏನೋ?” ಎಂದಳು ಅವನಮ್ಮ, ಮೊಬೈಲಿನಿಂದ ಕಣ್ಣೆತ್ತದೆ.

ಈ ಕುಳ್ಳರಿಗೊಂದು ಜಾತಿಗುಣ ಇದೆಯೇ ಎಂಬ ಪ್ರಶ್ನೆ ಅವತ್ತು ರಾತ್ರಿ ಊಟದ ಹೊತ್ತಿಗೆ ಬಂತು. ಅಳಿಯನಿಗೆ ಕಂಪ್ಯೂಟರ್ ಆಟದ ಹುಚ್ಚು. ಅವನು ಹೇಳುವ ಮಾಯಾಲೋಕಗಳಲ್ಲಿ ಗ್ನೋಮ್‌ಗಳದ್ದೇ ಒಂದು ಕುಲ, ಒಂದು ರಾಜಧಾನಿ. ಯಂತ್ರಗಳನ್ನು ಬಿಚ್ಚುವುದು, ಕೂಡಿಸುವುದು, ಅದು ಸಿಡಿದು ಮುಖಕ್ಕೆ ಮಸಿ ಮೆತ್ತಿಕೊಂಡರೆ ನಕ್ಕು ಮತ್ತೆ ಕೂಡಿಸುವುದು. “ಮಾವ, ಅವಕ್ಕೆ ಬೇಜಾರು ಅನ್ನೋದೇ ಇಲ್ಲ” ಎಂದ. ಆಟ ಬರೆದವರು ಒಂದು ಗುಣವನ್ನು ಬಿಟ್ಟುಬಿಟ್ಟಿದ್ದಾರೆ ಅನಿಸಿತು. ಹಳೆಯ ಕಥೆಗಳಲ್ಲಿ ಇವರಿಗೆ ಬೇಜಾರು ಇದೆ. ಮುಂಗೋಪವಂತೂ ಧಾರಾಳವಾಗಿ ಇದೆ.

ವ್ರೊಟ್ಸ್ವಾಫ್‌ನ ಕುಳ್ಳರು ಹುಟ್ಟಿದ್ದು ಕೋಪದಿಂದಲ್ಲ, ಕುಚೋದ್ಯದಿಂದ. 1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೈನಿಕ ಆಡಳಿತ ಬಂತು. ಸಾಲಿಡಾರಿಟಿ ಕಾರ್ಮಿಕ ಚಳವಳಿಯ ಸಾವಿರಾರು ಜನ ಬಂಧನಕ್ಕೊಳಗಾದರು. ರಾತ್ರಿ ಯಾರೋ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಘೋಷಣೆ ಬರೆಯುವರು. ಬೆಳಗಾದರೆ ಸರ್ಕಾರದ ಆಳು ಬಂದು ಅದರ ಮೇಲೆ ಬಣ್ಣ ಬಳಿಯುವನು. ಊರ ಗೋಡೆಗಳೆಲ್ಲ ತೇಪೆ ತೇಪೆ. ಏನು ಬರೆದಿತ್ತೆಂದು ಓದಲಾಗದಿದ್ದರೂ, ಏನೋ ಬರೆದಿತ್ತೆಂದು ತೇಪೆಯೇ ಸಾರುತ್ತಿತ್ತು. 1982ರ ಆಗಸ್ಟ್ ಕೊನೆಯ ಒಂದು ರಾತ್ರಿ ವಾಲ್ದೆಮಾರ್ ಫಿದ್ರಿಖ್ ಎಂಬ ಯುವಕ, ಗೆಳೆಯನೊಬ್ಬನ ಜೊತೆ ಸೆಂಪೋಲ್ನೊ, ಬಿಸ್ಕೂಪಿನ್ ಬಡಾವಣೆಗಳಲ್ಲಿ ತಿರುಗಿ ಇಂಥ ತೇಪೆಗಳ ಮೇಲೆ ಚೂಪು ಟೋಪಿಯ ಕುಳ್ಳನನ್ನು ಬಿಡಿಸಿದ. ಘೋಷಣೆ ಇಲ್ಲ, ಬೈಗುಳ ಇಲ್ಲ. ಕೈಯಲ್ಲಿ ಹೂ ಹಿಡಿದ ಒಬ್ಬ ಗಡ್ಡದವನು, ಅಷ್ಟೆ.

ಮುಂದೆ ಬೇರೆ ಊರುಗಳಲ್ಲೂ ಈ ಕುಳ್ಳರು ಗೋಡೆಯೇರಿದರು. ವೂಚ್ ನಗರದಲ್ಲಿ ಪೊಲೀಸರ ಕೈಗೆ ಸಿಕ್ಕಾಗ ಫಿದ್ರಿಖ್ ಠಾಣೆಯಲ್ಲೇ ಪಾಠ ಶುರು ಮಾಡಿದನಂತೆ. ಘೋಷಣೆ ಎಂಬುದು ವಾದ, ಅದನ್ನು ಮುಚ್ಚಿದ ತೇಪೆ ಪ್ರತಿವಾದ, ತೇಪೆಯ ಮೇಲಿನ ಕುಳ್ಳ ಎರಡರ ಸಮನ್ವಯ. ಅಧಿಕಾರದಲ್ಲಿದ್ದವರು ಬಾಯಿಪಾಠ ಮಾಡಿದ್ದ ಹೆಗೆಲ್, ಮಾರ್ಕ್ಸರ ತರ್ಕವನ್ನೇ ಅವರಿಗೆ ತಿರುಗಿಸಿ ಕೊಟ್ಟ. ಇದಕ್ಕೆ ಯಾವ ಕಲಮು ಹಾಕುವುದು? ಘೋಷಣೆ ಬರೆದವನನ್ನು ಹಿಡಿದರೆ ಪೊಲೀಸಿಗೆ ಗೌರವ ಉಂಟು, ಕುಳ್ಳನನ್ನು ಬರೆದವನನ್ನು ಹಿಡಿದರೆ ನಗೆ ಬೀಳುತ್ತದೆ. ಬಿಟ್ಟರೂ ನಗೆಯೇ.

ಫಿದ್ರಿಖ್‌ನ ಗುಂಪಿನ ಹೆಸರು ಆರೆಂಜ್ ಆಲ್ಟರ್ನೇಟಿವ್, ಅಂದರೆ ಕಿತ್ತಳೆ ಬಣ್ಣದ ಪರ್ಯಾಯ. ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಸಿಗದ ಕಾಲದಲ್ಲಿ ಬೀದಿಯಲ್ಲಿ ನಿಂತು ಅದನ್ನು ಹಂಚಿದರು. 1988ರ ಮಾರ್ಚ್ 8ರ ಮಹಿಳಾ ದಿನದಂದು ಫಿದ್ರಿಖ್ ಹೆಂಗಸರಿಗೆ ಹಂಚಿದ್ದು, ಆಗ ದುರ್ಲಭವಾಗಿದ್ದ ಸ್ಯಾನಿಟರಿ ಪ್ಯಾಡುಗಳನ್ನು. ಅದಕ್ಕೆ ಎರಡು ತಿಂಗಳ ಸಜೆ ಬಿತ್ತು; ಎಲ್ಲೆಡೆಯಿಂದ ಆಕ್ಷೇಪ ಬಂದು ಬೇಗನೇ ಬಿಡಬೇಕಾಯಿತು. ಅದೇ ವರ್ಷ ಜೂನ್ 1, ಮಕ್ಕಳ ದಿನ. ಶ್ವಿದ್ನಿತ್ಸ್ಕಾ ಬೀದಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕಿತ್ತಳೆ ಬಣ್ಣದ ಚೂಪು ಟೋಪಿ ತೊಟ್ಟು ಮೆರವಣಿಗೆ ಹೋದರು. ದೊಡ್ಡವರ ದೇಶದಲ್ಲಿ ಮಾತಾಡುವ ಹಾಗಿಲ್ಲ, ಸರಿ, ನಾವು ದೊಡ್ಡವರೇ ಅಲ್ಲ ಎಂದುಬಿಟ್ಟರು. ಮರುವರ್ಷವೇ ಪೋಲೆಂಡಿನಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು. ಅದನ್ನು ಕುಳ್ಳರೇ ಬದಲಿಸಿದರೆಂದರೆ ಸಾಲಿಡಾರಿಟಿಯ ಹಡಗುಕಟ್ಟೆ ಕಾರ್ಮಿಕರು ಎದ್ದುಬಂದಾರು. ಆದರೆ ಹೆದರಿಕೆಯ ಬೆನ್ನು ಮೂಳೆ ಮುರಿಯುವ ಕೆಲಸದಲ್ಲಿ ಇವರ ಪಾಲೂ ಇದೆ.

ಅದೇ ಬೀದಿಯಲ್ಲಿ 2001ರಲ್ಲಿ ಅಪ್ಪ ಕ್ರಾಸ್ನಲ್‌ನನ್ನು ನಿಲ್ಲಿಸಿದರು. ಮನುಷ್ಯನ ಬೆರಳಿನ ತುದಿಯಂಥ ಪೀಠ, ಅದರ ಮೇಲೆ ಹೊಟ್ಟೆ ಮುಂದೆ ಮಾಡಿ ನಿಂತ ಕುಳ್ಳ. ಸ್ಮಾರಕ ಎಂದರೆ ಕುದುರೆ, ಕತ್ತಿ ಎಂದುಕೊಂಡ ಖಂಡದಲ್ಲಿ ಇದೊಂದು ಒಳ್ಳೆಯ ಉದ್ಧಟತನ. 2005ರಲ್ಲಿ ಶಿಲ್ಪಿ ತೋಮಾಶ್ ಮೊಚೆಕ್ ಮಾಡಿದ ಪುಟ್ಟ ಆಕೃತಿಗಳು ಬಂದವು: ವಿಶ್ವವಿದ್ಯಾಲಯದ ಹತ್ತಿರ ಕತ್ತಿವರಸೆಯವನು, ಹಳೆಯ ಕಸಾಯಿ ಓಣಿಯಲ್ಲಿ ಕಟುಕ, ನದಿಯ ಅಗಸ, ನಮ್ಮ ಕಲ್ಲುಗುಂಡಿನ ಜೋಡಿ. ಕಸಾಯಿ ಓಣಿಯಲ್ಲಿ ಈಗ ಮಾಂಸವಿಲ್ಲ, ಚಿತ್ರ ಮಾರುವ ಅಂಗಡಿಗಳಿವೆ. ಇಲ್ಲಿ ಕೊಯ್ದ ಪ್ರಾಣಿಗಳ ನೆನಪಿಗೆ ಕಂಚಿನ ಹಂದಿ, ಆಡು, ಬಾತುಗಳನ್ನೂ ನಿಲ್ಲಿಸಿದ್ದಾರೆ. ಮಕ್ಕಳು ಹಂದಿಯ ಬೆನ್ನೇರುತ್ತಾರೆ. ಕಟುಕನ ಕಡೆ ಅಷ್ಟಾಗಿ ಯಾರೂ ಹೋಗುವುದಿಲ್ಲ.

ಮುಂಗೋಪಿಗಳನ್ನು ಹುಡುಕಬೇಕಾದರೆ ಊರು ಬಿಟ್ಟು ದಕ್ಷಿಣಕ್ಕೆ, ಚೆಕ್ ಗಡಿಯ ಬೆಟ್ಟಗಳತ್ತ ಹೋಗಬೇಕು. ಜ್ವೋತಿ ಸ್ತೋಕ್ ಒಂದು ಸಣ್ಣ ಪಟ್ಟಣ. ಶತಮಾನಗಳ ಕಾಲ ಅಲ್ಲಿ ಚಿನ್ನ ತೆಗೆದು, 1960ರ ದಶಕದ ಆರಂಭದಲ್ಲಿ ಗಣಿ ಮುಚ್ಚಿದರು. ಹದಿನಾರನೆಯ ಶತಮಾನದಲ್ಲಿ ಯುರೋಪಿನ ದೊಡ್ಡ ಸಾಹುಕಾರರಾದ ಫುಗ್ಗರ್ ಮನೆತನದ ದುಡ್ಡೂ ಇಲ್ಲಿ ಹೂಡಿಕೆಯಾಗಿತ್ತು. ಈಗ ಪ್ರವಾಸಿಗರನ್ನು ಸುರಂಗದೊಳಕ್ಕೆ ಕರೆದೊಯ್ಯುತ್ತಾರೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಸ್ವೆಟರ್ ಬೇಕು. ತೇವದ ಬಂಡೆ, ತೊಟ್ಟಿಕ್ಕುವ ನೀರು, ಎಲ್ಲೋ ಕೆಳಗೆ ನೆಲದೊಳಗೇ ಧುಮುಕುವ ಒಂದು ಜಲಪಾತದ ಸದ್ದು. ಈ ಬಂಡೆಯಲ್ಲಿ ಚಿನ್ನ ಒಂಟಿಯಾಗಿರಲಿಲ್ಲ, ಆರ್ಸೆನಿಕ್‌ನ ಜೊತೆ ಬೆರೆತಿತ್ತು. ಅದಿರು ಕಾಯಿಸಿದರೆ ವಿಷದ ಹೊಗೆ. ಚಿನ್ನ ಕಡಿಮೆಯಾದ ಮೇಲೆ ಆ ವಿಷವನ್ನೇ ಮಾರಿ ಊರು ಬದುಕಿತು.

ಗ್ನೋಮ್ ಹುಟ್ಟಿದ್ದು ಇಂಥ ಕತ್ತಲಲ್ಲಿ. ಆ ಹೆಸರನ್ನು ಬಳಕೆಗೆ ತಂದವನು ಪ್ಯಾರಾಸೆಲ್ಸಸ್ ಎಂಬ ವೈದ್ಯ, 1541ರಲ್ಲಿ ತೀರಿಕೊಂಡ. ಅವನ ಪ್ರಕಾರ ನೀರು, ಗಾಳಿ, ಬೆಂಕಿ, ಮಣ್ಣು ಒಂದೊಂದಕ್ಕೂ ಒಂದೊಂದು ಪ್ರಜೆ. ಮಣ್ಣಿನವರೇ ಗ್ನೋಮ್‌ಗಳು. ಎತ್ತರ ಎರಡು ಗೇಣು. ನಾವು ಗಾಳಿಯಲ್ಲಿ ಓಡಾಡುವಷ್ಟು ಸಲೀಸಾಗಿ ಅವರು ಕಲ್ಲಿನೊಳಗೆ ಓಡಾಡುತ್ತಾರೆ. ಉಣ್ಣುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಭೂಮಿಯ ನಿಧಿ ಕಾಯುತ್ತಾರೆ. ಮನುಷ್ಯರ ಸಹವಾಸ ಬೇಡ. ಆತ್ಮ ಮಾತ್ರ ಇಲ್ಲ. ಇದನ್ನು ಓದಿ ಇವನೊಬ್ಬ ಕಥೆ ಕಟ್ಟುವವನು ಅಂದುಕೊಳ್ಳುವುದು ಸುಲಭ. ಆದರೆ ಇದೇ ಮನುಷ್ಯ ಗಣಿಗಳಲ್ಲಿ ತಿರುಗಿ, ಗಣಿಗಾರರ ಶ್ವಾಸಕೋಶದ ರೋಗದ ಮೇಲೆ ಪುಸ್ತಕ ಬರೆದ. ಒಂದು ಕಸುಬಿನ ಕಾಯಿಲೆಯನ್ನೇ ವಿಷಯ ಮಾಡಿಕೊಂಡ ಮೊದಲ ಪುಸ್ತಕ ಅದು. ಗಣಿಗಾರರು ಕೆಮ್ಮಿ ಸಾಯುವುದು ಬೆಟ್ಟದ ಭೂತಗಳ ಕೋಪದಿಂದಲ್ಲ, ಲೋಹದ ಹೊಗೆಯನ್ನು ಉಸಿರಾಡುವುದರಿಂದ ಎಂದ. ಎರಡೂ ಪುಸ್ತಕ ಅಚ್ಚಾದದ್ದು ಅವನು ಸತ್ತ ಮೇಲೆ, ಗ್ನೋಮ್‌ಗಳದ್ದು 1566ರಲ್ಲಿ, ಶ್ವಾಸಕೋಶದ್ದು 1567ರಲ್ಲಿ. ಒಂದರಲ್ಲಿ ಕುಳ್ಳರನ್ನು ವರ್ಣಿಸಿದ, ಇನ್ನೊಂದರಲ್ಲಿ ಅವರ ಜಾತಿಯವರ ಮೇಲಿದ್ದ ಕೊಲೆಯ ಆಪಾದನೆಯನ್ನು ತೆಗೆದುಹಾಕಿದ.

ಗಣಿಗಾರರು ಅಷ್ಟು ಬೇಗ ಒಪ್ಪಲಿಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಹಾಗೆ ಹೊಳೆವ ಅದಿರು ಸಿಗುತ್ತಿತ್ತು. ಕುಲುಮೆಗೆ ಹಾಕಿದರೆ ಬೆಳ್ಳಿ ಬರದೆ ಆರ್ಸೆನಿಕ್ ಹೊಗೆ ಬರುತ್ತಿತ್ತು. ಬೆಳ್ಳಿಯನ್ನು ಕೋಬೋಲ್ಡ್ ಎಂಬ ಕುಳ್ಳಭೂತ ಕದ್ದು ಇದನ್ನಿಟ್ಟು ಹೋಗಿದೆ ಎಂದು ಬೈಯುತ್ತಿದ್ದರು. ತಾಮ್ರದಂತೆ ಕಂಡು ತಾಮ್ರ ಕೊಡದ ಅದಿರಿಗೆ ನಿಕೆಲ್ ಎಂಬ ತುಂಟಭೂತದ ಹೆಸರಿಟ್ಟರು. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿಗಳು ಆ ಅದಿರುಗಳಿಂದ ಹೊಸ ಲೋಹಗಳನ್ನು ಬೇರ್ಪಡಿಸಿ, ಆ ಬೈಗುಳಗಳನ್ನೇ ಉಳಿಸಿಕೊಂಡರು. ಕೋಬಾಲ್ಟ್ ಮತ್ತು ನಿಕಲ್ ಈಗ ಅಳಿಯನ ಲ್ಯಾಪ್‌ಟಾಪ್ ಬ್ಯಾಟರಿಯೊಳಗೆ ಕೂತಿವೆ.

ಪೋಲೆಂಡಿನ ಸೈಲೀಸಿಯದ ಕಲ್ಲಿದ್ದಲ ಗಣಿಗಳಲ್ಲಿ ಸ್ಕಾರ್ಬ್ನಿಕ್ ಎಂಬವನೊಬ್ಬನಿದ್ದಾನೆ, ನಿಧಿಯ ಲೆಕ್ಕ ಇಡುವವನು. ದೀಪ ಹಿಡಿದ ಮುದಿ ಗಣಿಗಾರನ ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ. ಸಿಳ್ಳೆ ಹೊಡೆದರೆ, ಹೊಲಸು ಮಾತಾಡಿದರೆ ಸಹಿಸುವುದಿಲ್ಲ. ನೆಟ್ಟಗೆ ದುಡಿವವನು ಸುರಂಗ ಕುಸಿದು ಸಿಕ್ಕಿಕೊಂಡರೆ ದಾರಿ ತೋರಿಸುತ್ತಾನೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಇದೇ ವಂಶದವರು ನಾಕರ್‌ಗಳು; ಬಂಡೆಯ ಒಳಗಿನಿಂದ ಟಕ್ ಟಕ್ ಎಂದು ಬಡಿದು ಎಚ್ಚರಿಸುತ್ತಾರೆ. ಬುತ್ತಿಯ ಕಡುಬಿನ ಅಂಚನ್ನು ಗಣಿಗಾರರು ಅವರ ಪಾಲೆಂದು ಬಿಡುತ್ತಿದ್ದರು. ಆ ಕಾರ್ನ್‌ವಾಲ್‌ನವರೇ ನಮ್ಮ ಕೋಲಾರಕ್ಕೂ ಬಂದಿದ್ದರು, 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನದ ಗಣಿ ಹಿಡಿದಾಗ. ಮುಂದೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಹೋಯಿತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳದೆ ಒಮ್ಮೆಗೇ ಸಿಡಿಯುತ್ತದೆ. ಕೆಜಿಎಫ್‌ನಲ್ಲಿ ರಾಕ್ ಬರ್ಸ್ಟ್ ಎಂಬ ಮಾತಿಗೆ ಅಂಜದ ಮನೆ ಇರಲಿಲ್ಲ. ಬಂಡೆ ನಿಜವಾಗಿಯೂ ಸದ್ದು ಮಾಡುತ್ತದೆ. ಆ ಸದ್ದಿನ ಮೇಲೆ ಕಿವಿಯಿಟ್ಟು ಜೀವ ಹಿಡಿದುಕೊಂಡವನು, ಅಲ್ಲಿ ಯಾರೋ ಇದ್ದಾರೆ, ಅವರಿಗೆ ಮರ್ಯಾದೆ ಕೊಡಬೇಕು ಎಂದುಕೊಂಡರೆ ಅದನ್ನು ಮೂಢನಂಬಿಕೆ ಎಂದು ತಳ್ಳಲು ನನಗೆ ಮನಸ್ಸು ಬಾರದು. ಸಿಳ್ಳೆ ಹೊಡೆದರೆ ಟಕ್ ಟಕ್ ಕೇಳಿಸುವುದಿಲ್ಲ, ಅಷ್ಟೇ ವಿಷಯ. ಸ್ಕಾರ್ಬ್ನಿಕ್‌ನ ಮುಂಗೋಪ ಎಂದರೆ ಸುರಕ್ಷತೆಯ ನಿಯಮ, ಗಡ್ಡ ಬಿಟ್ಟುಕೊಂಡಿದೆ.

ಜ್ವೋತಿ ಸ್ತೋಕ್‌ನ ಬೆಟ್ಟಸಾಲಿನ ಪಶ್ಚಿಮಕ್ಕೆ ಕಾರ್ಕೊನೋಶೆ ಪರ್ವತಗಳು. ಅಲ್ಲಿಯ ಅಧಿಪತಿ ಕುಳ್ಳನಲ್ಲ, ಬೇಕಾದ ಎತ್ತರ ತಾಳುವವನು. ಒಮ್ಮೆ ರಾಜಕುಮಾರಿಯೊಬ್ಬಳನ್ನು ಹೊತ್ತೊಯ್ದ. ಅವಳ ಬೇಸರ ಕಳೆಯಲು ಟರ್ನಿಪ್ ಗಡ್ಡೆಗಳಿಗೆ ಗೆಳತಿಯರ ರೂಪ ಕೊಟ್ಟ. ಗಡ್ಡೆ ಬಾಡಿದಂತೆ ಗೆಳತಿಯರೂ ಬಾಡಿದರು. ಕೊನೆಗೆ ಅವಳು ಹೊಲದಲ್ಲಿರುವ ಗಡ್ಡೆಗಳನ್ನೆಲ್ಲ ಎಣಿಸಿ ಬಾ, ಮದುವೆಯಾಗುತ್ತೇನೆ ಎಂದಳು. ಅವನು ಎಣಿಸುತ್ತ ಕೂತ, ಅವಳು ಪರಾರಿಯಾದಳು. ಅಂದಿನಿಂದ ಜನ ಅವನನ್ನು ಗಡ್ಡೆ ಎಣಿಸುವವನೆಂದು ಕರೆಯುತ್ತಾರೆ, ಹಾಗೆ ಕರೆದವರ ಮೇಲೆ ಅವನು ಗುಡುಗು, ಆಲಿಕಲ್ಲು ಸುರಿಸುತ್ತಾನೆ. ಜರ್ಮನ್ನರು ಅವನನ್ನು ರ್ಯೂಬೆತ್ಸಾಲ್ ಎಂದರು. 1945ರ ವರೆಗೆ ಈ ಸೀಮೆ ಜರ್ಮನಿಯದು, ವ್ರೊಟ್ಸ್ವಾಫ್‌ನ ಹೆಸರು ಬ್ರೆಸ್ಲಾವ್. ಯುದ್ಧ ಮುಗಿದ ಮೇಲೆ ಗಡಿ ಸರಿಯಿತು. ಜರ್ಮನ್ನರನ್ನು ಹೊರಡಿಸಿದರು. ಪೂರ್ವದಲ್ಲಿ ಊರು ಕಳೆದುಕೊಂಡ ಪೋಲಿಷರು ಬಂದು, ಇನ್ನೊಬ್ಬರು ಬಿಟ್ಟುಹೋದ ಮನೆಗಳಲ್ಲಿ ಒಲೆ ಹಚ್ಚಿದರು. ಒಂದು ನಗರದ ಜನವೇ ಬದಲಾಯಿತು. ಬೆಟ್ಟದವನು ಮಾತ್ರ ಹೋಗಲಿಲ್ಲ. ಪೋಲಿಷರು ಅದೇ ಅಣಕದ ಹೆಸರನ್ನು ತಮ್ಮ ಭಾಷೆಗೆ ತಂದು ಲಿಚಿಜೆಪಾ ಎಂದರು. ಆಲಿಕಲ್ಲು ಮೊದಲಿನ ಹಾಗೇ ಬೀಳುತ್ತಿದೆ.

ತೋಟದಲ್ಲಿ ಕೂರುವ ಬಣ್ಣದ ಗ್ನೋಮ್‌ಗಳ ಕಥೆ ನನಗೆ ಅಷ್ಟು ರುಚಿಸುವುದಿಲ್ಲ. ಜರ್ಮನಿಯ ಥುರಿಂಗಿಯಾದ ಗ್ರೆಫೆನ್‌ರೋಡಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಟ್ಟ ಮಣ್ಣಿನಲ್ಲಿ ಮಾಡಿ ಮಾಡಿ ಲೋಕಕ್ಕೆಲ್ಲ ಕಳಿಸಿದರು. ಅದಕ್ಕೂ ಮೊದಲೇ 1847ರಲ್ಲಿ ಇಂಗ್ಲಿಷ್ ಜಮೀನ್ದಾರನೊಬ್ಬ ನ್ಯೂರೆಂಬರ್ಗಿನಿಂದ 21 ಕುಳ್ಳರನ್ನು ತರಿಸಿ ಲ್ಯಾಂಪೋರ್ಟ್ ಹಾಲಿನ ತನ್ನ ಕಲ್ಲುತೋಟದಲ್ಲಿ ಇಟ್ಟ. ಉಳಿದವನು ಒಬ್ಬನೇ. ಆಮೇಲೆ ಬಡವರ ಅಂಗಳಕ್ಕೂ ಅಗ್ಗದ ಕುಳ್ಳರು ಬಂದದ್ದೇ ತಡ, ಶ್ರೀಮಂತರಿಗೆ ಅವರು ಅಭಿರುಚಿಹೀನರಾಗಿ ಕಂಡರು. ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನ ಅವರನ್ನು ಹೊರಗಿಟ್ಟಿತ್ತು. 2013ರಲ್ಲಿ ಶತಮಾನೋತ್ಸವದ ನೆಪದಲ್ಲಿ ಆ ವರ್ಷಕ್ಕೆ ಮಾತ್ರ ಬಾಗಿಲು ತೆರೆಯಿತು. ಕೆಲಸ ಬಿಡಿಸಿ, ಮುಖಕ್ಕೆ ನಗು ಹಚ್ಚಿ, ಕೈಗೆ ಮೀನಿನ ಗಾಳ ಕೊಟ್ಟು ಕೂರಿಸಿದ ಗ್ನೋಮ್‌ನಲ್ಲಿ ಹಳೆಯ ಗುಣ ಏನೂ ಉಳಿದಿಲ್ಲ.

ವ್ರೊಟ್ಸ್ವಾಫ್‌ನ ಕಂಚಿನವರೂ ಆ ದಾರಿ ಹಿಡಿಯುತ್ತಿದ್ದಾರೆ ಅನಿಸಿತು, ವಾಪಸು ಬಂದು ಮತ್ತೆ ನೋಡಿದಾಗ. ಆ ಐದಾರು ಆಕೃತಿಗಳು ಬೆಳೆದು ಈಗ ನೂರಾರಾಗಿವೆ. ಹೋಟೆಲು, ಬ್ಯಾಂಕು, ಕಂಪನಿಗಳು ತಾವೇ ದುಡ್ಡು ಕೊಟ್ಟು ತಮ್ಮ ಬಾಗಿಲಿಗೊಬ್ಬ ಕುಳ್ಳನನ್ನು ಮಾಡಿಸುತ್ತವೆ. ಕುಳ್ಳರ ನಕ್ಷೆ ಮಾರುತ್ತಾರೆ. ಆಗಾಗ ಯಾರೋ ಒಬ್ಬನನ್ನು ಕಿತ್ತುಕೊಂಡು ಹೋಗುವುದೂ ಉಂಟು. ನಗರಾಡಳಿತ ತನ್ನ ಕುಳ್ಳನನ್ನು ಬಳಸಿಕೊಂಡಿತೆಂದು ಫಿದ್ರಿಖ್ ಕೋರ್ಟಿಗೆ ಹೋದ. ಸರ್ಕಾರದ ಬಣ್ಣದ ತೇಪೆಯ ಮೇಲೆ ಅಪ್ಪಣೆಯಿಲ್ಲದೆ ಬರೆದವನು, ತನ್ನ ಅಪ್ಪಣೆ ಇಲ್ಲದೆ ಸರ್ಕಾರ ಬರೆಯಿತೆಂದು ದೂರು ಕೊಟ್ಟ. ಇದನ್ನು ನೋಡಿ ನಕ್ಕವರಿದ್ದಾರೆ. ನನಗೆ ಅವನ ಕಡೆಯೇ ನ್ಯಾಯ ಕಂಡಿತು. ತಮಾಷೆ ಮಾಡಿದ್ದಕ್ಕೆ ಜೈಲು ಕಂಡವನಿಗೆ ಅದೇ ತಮಾಷೆ ಪ್ರವಾಸೋದ್ಯಮ ಇಲಾಖೆಯ ಲಾಂಛನವಾದಾಗ ಹೊಟ್ಟೆ ಉರಿಯದಿದ್ದರೆ ಅವನೂ ಕಂಚಿನವನೇ ಆಗಿರಬೇಕು.

ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಟೌನ್ ಹಾಲಿನ ಹತ್ತಿರ ಮೂವರಿದ್ದಾರೆ: ಒಬ್ಬನಿಗೆ ಕಣ್ಣು ಕಾಣದು, ಒಬ್ಬನಿಗೆ ಕಿವಿ ಕೇಳದು, ಮೂರನೆಯವನು ಗಾಲಿಕುರ್ಚಿಯಲ್ಲಿ. ಅಂಗವಿಕಲರಿಗೆ ಊರಿನಲ್ಲಿ ಅಡ್ಡಿ ಇರಕೂಡದೆಂದು ಮಾಡಿದ್ದು. ಗಾಲಿಕುರ್ಚಿಯ ಹೆಂಗಸೊಬ್ಬರು ಆ ಮೂರನೆಯವನ ಪಕ್ಕ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಂಡರು. ಕುಕ್ಕರಿಸುವ ಕಷ್ಟವಿರಲಿಲ್ಲ. ಬೇರೆಯವರೆಲ್ಲ ತಗ್ಗಿ ಅವರ ಎತ್ತರಕ್ಕೆ ಬಂದಿದ್ದರು.

ಹೊರಡುವ ಹಿಂದಿನ ಸಂಜೆ ಅಣ್ಣನ ಮಗಳು, “ನಮ್ಮ ಆಫೀಸಿನವರೂ ಒಂದು ಮಾಡಿಸ್ತಿದ್ದಾರೆ ಚಿಕ್ಕಪ್ಪ. ಅದು ಏನು ಮಾಡ್ತಿರಬೇಕು ಅಂತ ಎಲ್ಲರ ಹತ್ರಾನೂ ಕೇಳಿದಾರೆ” ಎಂದಳು. ಬಂದ ಸಲಹೆಗಳನ್ನು ಓದಿದಳು. ಲ್ಯಾಪ್‌ಟಾಪು, ಹೆಡ್‌ಫೋನು, ಕಾಫಿ ಲೋಟ.

“ಗೋಡೆಗೆ ಬಣ್ಣ ಬಳೀತಿರಲಿ” ಎಂದೆ.

“ಯಾವ ಗೋಡೆಗೆ?”

“ನಿಮ್ಮ ಆಫೀಸಿಂದೇ.”

“ಎಚ್‌ಆರ್ ಒಪ್ಪಲ್ಲ, ಬಿಡಿ.”

ಹುಡುಗ ಹೋಮ್‌ವರ್ಕ್ ಬಿಟ್ಟು ಎದ್ದುಬಂದ. ಕುಳ್ಳ ಗುದ್ದಲಿ ಹಿಡಿದುಕೊಂಡು ಕಂಪ್ಯೂಟರಿನ ಒಳಗಡೆಯಿಂದ ಅಗೆದು ಹೊರಗೆ ಬರ್ತಿರಬೇಕು ಎಂದ. ಅರ್ಧ ಒಳಗೆ, ಅರ್ಧ ಹೊರಗೆ. ಬ್ಯಾಟರಿಯಲ್ಲಿರೋ ಕೋಬಾಲ್ಟ್ ತನ್ನದು ಅಂತ ವಾಪಸು ತಗೊಂಡು ಹೋಗೋದಕ್ಕೆ. ಅವನಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು, ಆಮೇಲೆ ಅದನ್ನೇ ಟೈಪ್ ಮಾಡತೊಡಗಿದಳು. “ಸಿಟ್ಟಲ್ಲಿರಬೇಕು ಅಂತಾನೂ ಬರಿ” ಎಂದೆ. ಬರೆದಳು.